ಸರ್ ಮಾತಾಡುವಾಗ ಬಾಯಿ ಹಾಕಬ್ಯಾಡ

ನಮ್ಮ ಸವಿತಾ ಇಂಗ್ಲಿಷಿನಲ್ಲಿ ಪಾಸಾದಳು! ಡಿಗ್ರಿ ಮುಗಿಯಿತು! ರೋಣದ ಕಾಲೇಜಿನಿಂದ ಮೊಮ್ಮಗಳು ಫೋನ್ ಮಾಡಿದ್ದೇ ತಡ, ಗಜೇಂದ್ರಗಡದ ನಮ್ಮ ಓಣಿಗೆಲ್ಲ ಹೇಳಿಬಂದೆ. ಇದನ್ನು ಓದುವ ನೀವೊಬ್ಬರು ಉಳಿದಿದ್ದಿರಿ. ಒಳಗೆ ಕಡಲೆಬೇಳೆ ಕುದಿಯುವ ವಾಸನೆ ಬರುತ್ತಿದೆ. ಹೋಳಿಗೆ ಆಗುವವರೆಗೆ ಕುಳಿತುಕೊಳ್ಳಿ, ಉಳಿದದ್ದನ್ನೂ ಹೇಳುತ್ತೇನೆ.

ನಾನು ನೇಕಾರ. ನಾಲ್ಕನೆಯ ಇಯತ್ತೆಯವರೆಗೆ ಕಲಿತವನು. ಅದರಲ್ಲಿ ಅರ್ಧ ಮೂಲೆಯಲ್ಲಿ ನಿಂತು ಕಲಿತದ್ದು. ಮಾಸ್ತರರು ಮಾತಾಡುವಾಗ ನಡುವೆ ಬಾಯಿ ಹಾಕುತ್ತಿದ್ದೆ. ಹಾಕಬಾರದೆಂಬ ಪಾಠವೊಂದು ಮಾತ್ರ ಬೆತ್ತದ ಏಟಿನಿಂದ ಮೈಗೆ ಹತ್ತಿತು.

ಸವಿತಾಳಿಗೆ ಶಿಕ್ಷಕಿಯಾಗುವ ಆಸೆ. ಕೊನೆಯ ವರ್ಷಕ್ಕೆ ಬಂದರೂ ಇಂಗ್ಲಿಷೊಂದು ಹಿಂದೆಯೇ ಉಳಿದಿತ್ತು. ಅದು ದಾಟದಿದ್ದರೆ ಡಿಗ್ರಿಯೂ ಇಲ್ಲ, ಬಿ.ಎಡ್. ಕೂಡ ಇಲ್ಲ. ಆಗ ಕಾಲೇಜಿಗೆ ಬಂದ ಹೊಸ ಇಂಗ್ಲಿಷ್ ಸರ್ ಅರ್ಧ ಪಾಠ ಕ್ಲಾಸಿನಲ್ಲಿ, ಅರ್ಧ ಸೀಡಿಯಲ್ಲಿ ಹೇಳುವ ಪದ್ಧತಿ ಹಿಡಿದರು. ತಾವೇ ಓದಿ, ವ್ಯಾಕರಣ ಬಿಡಿಸಿ ಹೇಳಿ ತುಂಬಿಸಿದ ಸೀಡಿ ಅದು. ಹುಡುಗರು ಮನೆಗೆ ಒಯ್ದು ಟಿವಿಗೆ ಹಚ್ಚಬೇಕು. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ ತಾವು ಓದಬೇಕು. ತಿಳಿಯದ್ದನ್ನು ಮರುದಿನ ಕ್ಲಾಸಿನಲ್ಲಿ ಕೇಳಬೇಕು.

ಇದೆಲ್ಲ ನನಗೇನು ಗೊತ್ತು? ಟಿವಿಯಲ್ಲಿ ಸರ್ ಕಂಡ ಕೂಡಲೇ ಮಗ್ಗ ಬಿಟ್ಟೆದ್ದು, ರುಮಾಲು ಸರಿಮಾಡಿಕೊಂಡು ಕುಳಿತೆ. ಸವಿತಾ ರಿಮೋಟ್ ಒತ್ತಿದಳು. ಸರ್ ತೆರೆದ ಬಾಯಿ ತೆರೆದ ಹಾಗೇ ನಿಂತರು.

“ಗುರುಗಳ ಮಾತು ನಡುವ ಕಡೀತಿಯೇನ? ವಿದ್ಯಾ ಹತ್ತೂದಿಲ್ಲ ನಿನಗ!” ಎಂದು ರಿಮೋಟ್ ಕಸಿದುಕೊಂಡೆ.

“ಯಜ್ಜಾ, ನಿಂದ್ರಸಾಕಂತನ ಕೊಟ್ಟಾರ...”

“ಸುಮ್ನ ಕುಂದ್ರು!”

“ಎಳಿ ಹರದ್ರ ಮಗ್ಗಾ ನಿಂದ್ರಸೂದಿಲ್ಲೇನ್ರೀ ನೀವು?” ಅಡುಗೆಮನೆಯಿಂದ ನಮ್ಮಾಕೆ ಕೂಗಿದಳು.

“ಮಗ್ಗಾ ನನಗ ಗುರು ಅಲ್ಲ ತಗಿ.”

ಹೀಗೆ ದಿನವೂ ಸರ್ ಹೊಳೆಯಂತೆ ಹರಿದು ಹೋದರು. ಹುಡುಗಿ ದಂಡೆಯಲ್ಲೇ ಕುಳಿತಳು. ಕ್ಲಾಸಿನಲ್ಲಿ ಓದೆಂದಾಗ ನಾಲಿಗೆ ಹೊರಳಲಿಲ್ಲವಂತೆ. “ನಮ್ಮಜ್ಜ ನಿಮ್ಮನ್ನ ನಿಂದ್ರಸಾಕ ಬಿಡೂದಿಲ್ರಿ ಸರ್” ಎಂದು ಅತ್ತುಬಿಟ್ಟಳಂತೆ.

ಮುಂದಿನ ಸೀಡಿಯಲ್ಲಿ ಸರ್ ಕೈಮುಗಿದು ಕನ್ನಡದಲ್ಲೇ ಶುರುಮಾಡಿದರು: “ಸವಿತಾನ ಅಜ್ಜಾರಿಗೆ ಶರಣ್ರಿ. ನನ್ನ ಮಾತು ಎಲ್ಲಿ ಬೇಕಾದಲ್ಲಿ ಕಡೀರಿ. ಇದು ನನ್ನ ಅಪ್ಪಣಿ ಅಂತ ತಿಳೀರಿ.”

ನಾನೂ ಎದ್ದು ಟಿವಿಗೆ ಕೈಮುಗಿದೆ. ಅದೇ ಸೀಡಿ ಇಡೀ ಕ್ಲಾಸಿಗೆ ಹೋಗಿದೆಯೆಂದು ಆಮೇಲೆ ತಿಳಿಯಿತು. ಸವಿತಾಳ ಜೊತೆ ರೋಣಕ್ಕೆ ಹೋದಾಗ ಅವಳ ಗೆಳತಿಯರು ಸುತ್ತುಗಟ್ಟಿ, “ಅಜ್ಜಾರ, ಬಸ್ ನಿಂದ್ರಸಾಕರ ಅಪ್ಪಣಿ ಐತೇನ್ರಿ?” ಎಂದು ನಕ್ಕರು.

ಅಪ್ಪಣೆ ಸಿಕ್ಕ ಮೇಲೆ ರಿಮೋಟ್ ಹಿಡಿಯುವ ಕೆಲಸ ನನ್ನದೇ ಆಯಿತು. ಸರ್ ಉಸಿರು ಎಳೆದರೂ ಒತ್ತಿಬಿಡುತ್ತಿದ್ದೆ. “ಓದವ್ವಾ, ಇನ್ನೊಮ್ಮಿ ಓದು.” ಅವಳ ತಪ್ಪು ನನಗೆಲ್ಲಿ ತಿಳಿಯಬೇಕು? ತಡವರಿಸಿದ್ದು ತಿಳಿಯುತ್ತಿತ್ತು. ತಡವರಿಸುವುದು ನಿಲ್ಲುವವರೆಗೆ ಬಿಡಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯ ಬಸ್ಸಿಗೆ ಸವಿತಾ ಬಂದಳು. ಉಳಿದದ್ದನ್ನು ಉಂಡು ಬಂದು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಮೊದಲು ಗಂಡಸರ ಊಟ, ಆಮೇಲೆ ಹೆಂಗಸರದು. ಇವತ್ತೂ ಸವಿತಾ ಸೌಟು ಹಿಡಿದೇ ಬಂದಳು. ನನ್ನ ಮಗ ಅದನ್ನು ಇಸಿದುಕೊಂಡು, “ನೀ ಕುಂದ್ರವಾ, ಟೀಚರಮ್ಮ” ಎಂದ. ಸೊಸೆಯೂ ಕುಳಿತಳು, ನಮ್ಮಾಕೆಯೂ ಕುಳಿತಳು. ಬಡಿಸಲು ಮಗನೊಬ್ಬನೇ ಉಳಿದ. ನಾನೂ ತುಪ್ಪದ ಬಟ್ಟಲು ಹಿಡಿದು ಹೊರಟೆ.

“ಹಿಂದ ಯಾವಾಗರ ಬಡಿಸೀರೇನ್ರೀ?” ಎಂದಳು ನಮ್ಮಾಕೆ.

ಬಡಿಸಿರಲಿಲ್ಲ. ತಾಟಿಗಿಂತ ನೆಲಕ್ಕೇ ಹೆಚ್ಚು ಬಿತ್ತು. ಯಾರೂ ಬೈಯಲಿಲ್ಲ.