ಸಾಹೇಬರ ಸರದಿ

ನಮ್ಮ ಪ್ಲಾನಿಂಗ್ ಸಾಹೇಬರ ಎಡಗಿವಿ, ಯಾರೋ ಈಗಷ್ಟೇ ಹಿಂಡಿ ಬಿಟ್ಟಂತೆ, ಸದಾ ಕೆಂಪಗಿರುತ್ತಿತ್ತು. ಎಲ್ಲ ಆ ಫೋನಿನ ಪ್ರತಾಪ. ಹುಬ್ಬಳ್ಳಿಯ ನಮ್ಮ ಉಕ್ಕಿನ ಸರಳಿನ ಕಾರ್ಖಾನೆಯಲ್ಲಿ ಯಾವ ದಿನ ಯಾವ ದಪ್ಪದ ಸರಳು ತಯಾರಾಗಬೇಕು, ಯಾರ ಲಾರಿ ಮೊದಲು ಹೊರಡಬೇಕು ಎಂದು ನಿರ್ಧರಿಸುವವರು ಅವರು. ಗಿರಾಕಿಗಳಿಂದ ಬೈಸಿಕೊಳ್ಳುವವರೂ ಅವರೇ. ನಮ್ಮ ಧಂದೆಯಲ್ಲಿ ಸರಳು ಇನ್ನೂ ಭಟ್ಟಿಯಲ್ಲಿರುವಾಗಲೇ "ಗಾಡಿ ಬಿಟ್ಟದರಿ" ಎನ್ನುವುದು ವಾಡಿಕೆ. ಇವರು ಮಾತ್ರ ಲಾರಿ ಗೇಟು ದಾಟುವವರೆಗೆ ಆ ಮಾತು ಆಡುತ್ತಿರಲಿಲ್ಲ.

ಸರಳಿನ ದಪ್ಪ ಬದಲಿಸಬೇಕೆಂದರೆ ಇಡೀ ಯಂತ್ರ ನಿಲ್ಲಿಸಬೇಕು. ಹಾಗಾಗಿ ಒಂದು ಸೈಜಿನದೆಲ್ಲ ಮುಗಿದ ಮೇಲೆಯೇ ಇನ್ನೊಂದು. ಈ ನಿಯಮ ಅವರ ಮೈಗೇ ಹತ್ತಿಬಿಟ್ಟಿತ್ತು. ಚಹಾ ಬಂದರೆ ಮೊದಲು ಸಕ್ಕರೆ ಇಲ್ಲದವರಿಗೆಲ್ಲ, ಆಮೇಲೆ ಸಕ್ಕರೆಯವರಿಗೆ. ಮುಂಜಾನೆ ಜಗಳಗಂಟ ಗಿರಾಕಿಗಳಿಗೆಲ್ಲ ಸಾಲಾಗಿ ಫೋನು, ಮಧ್ಯಾಹ್ನ ಸಮಾಧಾನದವರಿಗೆ. "ಸಿಟ್ಟಿನ ಮಾರಿ ಒಮ್ಮೆ ಹಾಕ್ಕೊಂಡ್ರ ಹಾಕ್ಕೊಂಡಂಗ. ಘಳಿಗಿಗೊಮ್ಮೆ ಬದಲಿ ಮಾಡಾಕ ಟೈಮ್ ಹೋಗ್ತದ, ತಂಗಿ," ಎಂದು ತಮ್ಮ ಗಂಟಿಕ್ಕಿದ ಮುಖ ತೋರಿಸುತ್ತ, ಹೊಸದಾಗಿ ಕೆಲಸಕ್ಕೆ ಸೇರಿದ್ದ ನನಗೆ ಪಾಠ ಹೇಳಿದ್ದರು. ಮುಂಜಾನೆ ಅಪ್ಪಿತಪ್ಪಿ ಫೋನು ಮಾಡಿದ ಅವರ ಬೀಗರು ಯಾವುದೋ ಗಿರಾಕಿಯ ಪಾಲಿನ ಬೈಗುಳ ತಿಂದದ್ದೂ ಉಂಟು.

ನಾವು ಕೆಲಗೇರಿಯಲ್ಲಿ ಮನೆ ಕಟ್ಟಿಸುತ್ತಿದ್ದಾಗ ಸ್ಲ್ಯಾಬಿಗೆ ತೆಳು ಸರಳು ಕಡಿಮೆ ಬಿತ್ತು. ಆ ವಾರ ಸಿಗದಿದ್ದರೆ ಗೌಂಡಿಗಳು ಬೇರೆ ಕೆಲಸಕ್ಕೆ ಹೋಗುವವರು. ಬಾಡಿಗೆ ಮನೆಯ ಮಾಲೀಕರು ಖಾಲಿ ಮಾಡಿರೆಂದು ಕುತ್ತಿಗೆಯ ಮೇಲೆ ಕೂತಿದ್ದರು. ಸರಳಿನ ಅಂಗಡಿಗಳವರೂ ನಮ್ಮ ಕಾರ್ಖಾನೆಯ ಲಾರಿಯನ್ನೇ ಕಾಯುತ್ತಿದ್ದರು. ಕಾರ್ಖಾನೆಯಲ್ಲೋ ದಪ್ಪ ಸರಳು ನಡೆದಿತ್ತು.

"ಸರ್, ಒಂದು ತಾಸು ಸೈಜ್ ಬದಲಿ ಮಾಡಸ್ರಿ," ಎಂದು ಅಂಗಲಾಚಿದೆ.

"ನಿನಗೊಂದು ನ್ಯಾಯ, ಗಿರಾಕಿಗೊಂದು ನ್ಯಾಯ ಇಲ್ಲ ತಂಗಿ. ಸರದಿ ಬರಲಿ."

ಈ ಮನುಷ್ಯನ ಎದೆಯೂ ಉಕ್ಕಿನದೇ ಎಂದು ಮನಸ್ಸಿನಲ್ಲೇ ಶಪಿಸುತ್ತ ಮನೆಗೆ ಬಂದೆ.

ಮರುದಿನ ನಮ್ಮ ಕಟ್ಟಡದ ಮುಂದೆ ಟೆಂಪೋ ನಿಂತಿತು. ಮುಂದೆ ಸಾಹೇಬರು, ಹಿಂದೆ ತೆಳು ಸರಳಿನ ಕಟ್ಟು. ಒಂದು ತುದಿಗೆ ಅವರ ಮನೆಯ ಒಗೆದ ಟವೆಲು ಇನ್ನೂ ನೇತಾಡುತ್ತಿತ್ತು. ತಮ್ಮ ಮೇಲಂತಸ್ತಿಗೆಂದು ಕೂಡಿಟ್ಟಿದ್ದ ಸರಳು ಅದು. ಅದಕ್ಕೆ ಇನ್ನೂ ಬೇಕಿದ್ದ ದಪ್ಪ ಸರಳಿಗೆ ತಮ್ಮ ಸರದಿ ಬಂದಾಗಲೆಲ್ಲ ಬೇರೆಯವರನ್ನು ಮುಂದೆ ಬಿಟ್ಟು, ವರ್ಷಗಟ್ಟಲೆ ಇದರ ಮೇಲೆ ಬಟ್ಟೆ ಒಣಗಿಸಿದ್ದರಂತೆ. ನನಗೆ ಕಣ್ಣು ತುಂಬಿ ಬಂತು.

"ಅಳೂದು ಆಮ್ಯಾಲೆ. ಮೊದಲ ಇಳಿಸ್ಕೊ," ಎಂದರು.

ಅವರು ನಿವೃತ್ತರಾದ ಮೇಲೆ ಆ ಕುರ್ಚಿ, ಆ ಫೋನು, ಆ ಕೆಂಪು ಕಿವಿ ನನ್ನ ಪಾಲಿಗೆ ಬಂದವು. ಸರಳು ಮರಳಿಸುತ್ತೇನೆಂದಾಗಲೆಲ್ಲ ಅವರು "ಗಿರಾಕಿದು ಮುಗೀಲಿ" ಎಂದು ತಳ್ಳಿಹಾಕುತ್ತಿದ್ದರು. ಗಿರಾಕಿಯದು ಎಂದಾದರೂ ಮುಗಿಯುತ್ತದೆಯೇ? ಮೊನ್ನೆ ಅವರನ್ನು ಕೇಳದೆ, ಅವರ ಹೆಸರನ್ನು ಎಲ್ಲರಿಗಿಂತ ಮೊದಲು ಹಾಕಿ, ತೆಳು, ದಪ್ಪ ಎರಡೂ ಸರಳು ಕಳಿಸಿ ಫೋನು ಮಾಡಿದೆ.

"ಯಾರನ್ನ ಹಿಂದ ದಬ್ಬಿದಿ?" ಎಂದು ಗುಡುಗಿದರು.

"ಗಾಡಿ ಬಿಟ್ಟದ ಸರ್. ಗೇಟ್ ದಾಟ್ಯದ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

"ನಿನಗ ಬೈಯೂದದ, ತಂಗಿ. ಆದ್ರ ಈಗ ಮಾರಿ ಬದಲಿ ಆಗ್ಯದ. ನಾಳೆ ಮುಂಜಾನೆ ಬೈತೇನಿ."

ಮರುದಿನ ಮುಂಜಾನೆ, ಜಗಳಗಂಟ ಗಿರಾಕಿಗಳ ಸಾಲಿನಲ್ಲಿಯೇ ಅವರ ಫೋನು ಬಂತು. ಮನಸಾರೆ ಬೈಸಿಕೊಂಡೆ.