ಸಮುದ್ರಕ್ಕೆ ನಾಲ್ಕು ಹನಿ ಸುಣ್ಣದ ತಿಳಿ

ಕಡಲ ನೀರು ಎಷ್ಟು ಹುಳಿಯಾಗುತ್ತಿದೆ ಎಂದು ನಿಗಾ ಇಡುವುದು ನನ್ನ ಕೆಲಸ. ಹದಿನೈದು ದಿನಕ್ಕೊಮ್ಮೆ ಕರಾವಳಿಯಲ್ಲಿ ನದಿ ಕಡಲು ಸೇರುವ ಅಳಿವೆಯ ನೀರನ್ನು ಬಾಟಲಿಗೆ ತುಂಬಿಸಿ, ಮುಚ್ಚಳ ಬಿಗಿದು, ದಾರಿಯಲ್ಲಿ ಎಲ್ಲೂ ಇಳಿಯದೆ ಬೆಂಗಳೂರಿನ ಲ್ಯಾಬಿಗೆ ತಲುಪಿಸಬೇಕು. ಆ ಸಲ ಮದ್ದೂರಿನಲ್ಲಿ ಇಳಿದುಬಿಟ್ಟೆ. ಅಲ್ಲಿಂದ ಮುಂದೆ ನಮ್ಮೂರು ಪೂರಿಗಾಲಿ; ನಮ್ಮ ಆಲೆಮನೆಯಲ್ಲಿ ಒಲೆ ಹತ್ತಿತ್ತು, ಬಿಸಿ ಬೆಲ್ಲದ ಆಸೆ ತಡೆಯಲಾಗಲಿಲ್ಲ.

ಕಬ್ಬಿನ ಹಾಲು ಹುಳಿ ಅನ್ನಿಸಿದರೆ ಸುಣ್ಣದ ತಿಳಿ ಬಿಟ್ಟು ಹದಕ್ಕೆ ತರುವುದರಲ್ಲಿ ನಮ್ಮಪ್ಪನದು ಎತ್ತಿದ ಕೈ. ಬ್ಯಾಗಿನಲ್ಲಿ ಏನೆಂದು ಕೇಳಿದ. ನಾವು ಬಿಡುವ ಹೊಗೆ ಸೇರಿ ಕಡಲು ಹುಳಿಯಾಗುತ್ತಿದೆ, ಕಪ್ಪೆಚಿಪ್ಪಿನಂಥ ಜೀವಿಗಳಿಗೆ ಚಿಪ್ಪು ಕಟ್ಟಿಕೊಳ್ಳಲು ಆಗುತ್ತಿಲ್ಲ ಎಂದೆ.

“ಉಳಿ ಆದ್ರೆ ವಸಿ ಸುಣ್ಣದ ತಿಳಿ ಬುಡ್ಬೇಕು ಕಣವ್ವ, ಅದ್ಕೇನಂತೆ!”

“ಸಮುದ್ರ ನಿನ್ ಕೊಪ್ಪರಿಗೆ ಅಲ್ಲ ಕಣಪ್ಪ” ಎಂದು ನಕ್ಕೆ.

ಬೆಳಿಗ್ಗೆ ನೋಡಿದರೆ ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಅಪ್ಪ ಹಿಗ್ಗಿನಿಂದ, “ನಾಕೇ ನಾಕು ಅನಿ ಬುಟ್ಟಿವ್ನಿ. ಪಾಪ, ಅಷ್ಟು ದೂರದಿಂದ ಒತ್ಗಂಡು ಬಂದಿದ್ಯಲ್ಲ” ಎಂದ. ಅವನನ್ನು ಬೈಯಲು ಬಾಯಿ ಬರಲಿಲ್ಲ. ನೀರು ಚೆಲ್ಲಿ, ಈ ಸಲದ್ದು ಹಾಳಾಯಿತು ಎಂದು ಹೇಳಿಬಿಡಬಹುದಿತ್ತು. ಆದರೆ ಊರಿಗೆ ಯಾಕೆ ಹೋದೆ ಎಂದು ಆಫೀಸಿನಲ್ಲಿ ಉಗಿಸಿಕೊಳ್ಳಬೇಕಿತ್ತಲ್ಲ! ಹೇಡಿ ನಾನು, ತೆಪ್ಪಗೆ ಲ್ಯಾಬಿಗೆ ಕೊಟ್ಟು ಬಂದೆ.

ಆ ಸಲದ ವರದಿಯಲ್ಲಿ ಕಡಲು ಚೇತರಿಸಿಕೊಂಡಿತ್ತು. ಆಫೀಸಿನವರಿಗೆಲ್ಲ ಖುಷಿಯೋ ಖುಷಿ. ಮರಿಗಳು ಬಲಿಯುವವರೆಗೆ ಅಳಿವೆಯ ಒಂದು ಭಾಗದಲ್ಲಿ ಯಾರೂ ಕಪ್ಪೆಚಿಪ್ಪು ಬಾಚಬಾರದು ಎಂಬ ಯೋಜನೆ ಸಿದ್ಧವಾಗಿತ್ತು. ಈ ವರ್ಷ ಅದು ಬೇಡ ಎಂದು ಸಭೆಯಲ್ಲಿ ಕೈಬಿಟ್ಟರು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ನನ್ನದೊಂದು ಮಾತು ಸಾಕಿತ್ತು.

ಮುಂದಿನ ಬಾಟಲಿಯಲ್ಲಿ ನೀರು ಮತ್ತೆ ಹುಳಿಯೇ. ಅಷ್ಟರಲ್ಲಿ ಆ ಜಾಗವನ್ನು ಬಾಚಿ ಬರಿದು ಮಾಡಿದ್ದರು. ಚಿಪ್ಪು ಆರಿಸುವ ಹೆಂಗಸೊಬ್ಬರು ನನ್ನ ಅಂಗೈಗೆ ಹಾಕಿದ ಮರಿಚಿಪ್ಪು, ಹಿಡಿದದ್ದೇ ತಡ, ಹಪ್ಪಳದಂತೆ ಪುಡಿಯಾಯಿತು.

“ಸರಿಯಾಗಿದೆ ಅಂದದ್ದು ನೀವೇ ಅಲ್ದಾ?” ಎಂದರು.

ಮೊನ್ನೆ ಊರಿಗೆ ಹೋಗಿದ್ದೆ. ಅಪ್ಪ ಎಲೆಯಲ್ಲಿ ಬಿಸಿ ಬೆಲ್ಲ ಹಾಕಿಕೊಟ್ಟು, “ನಿನ್ನ ಸಮುದ್ರ ಸರಿ ಓಯ್ತೇನವ್ವ?” ಎಂದ.

“ಊಂ ಕಣಪ್ಪ, ಸರಿ ಓಯ್ತು.”

ಆಲೆಮನೆಯಲ್ಲಿದ್ದವರಿಗೆಲ್ಲ ಅಪ್ಪ ಅದನ್ನೇ ಹೇಳಿಕೊಂಡು ಓಡಾಡಿದ. ನಾನು ಬೆಲ್ಲವನ್ನು ಎಲೆಯಲ್ಲೇ ಮಡಚಿ ಪಕ್ಕಕ್ಕಿಟ್ಟೆ.