ಅಪ್ಪ ಔಟರಿನಲ್ಲಿ ಇಳಿದದ್ದು

ನಾನು ನಿಂತಿದ್ದು ಪುಣೆ ಸ್ಟೇಶನ್ನಿನ ಮೂರನೆಯ ಪ್ಲಾಟ್‌ಫಾರ್ಮಿನಲ್ಲಿ, ಎಸ್-ನಾಲ್ಕು ಡಬ್ಬಿ ಬಂದು ನಿಲ್ಲುವ ಕಡೆ, ಕುಡಿಯುವ ನೀರಿನ ನಳಗಳಿಗೆ ಬೆನ್ನು ಹಾಕಿ. ಮಾರ್ಚ್ ತಿಂಗಳ ಒಂದು ಗುರುವಾರ, ಸಂಜೆ ಐದಕ್ಕೆ ಹತ್ತು ನಿಮಿಷ ಕಡಿಮೆ. ಗುರುವಾರವೇ ಎಂದು ಹೇಳಬಲ್ಲೆ. ನಾನು ಕೆಲಸ ಮಾಡುವ ಔಷಧದ ಅಂಗಡಿಗೆ ರಜೆ ಇರುವುದು ಅದೊಂದೇ ದಿನ.

ಇಷ್ಟೊಂದು ಕರಾರುವಾಕ್ಕಾಗಿ ಬರೆಯುತ್ತಿದ್ದೇನೆಂದು ನಗಬೇಡಿ. ಆಮೇಲೆ ನಡೆದದ್ದರಲ್ಲಿ ಎಷ್ಟೋ ಸಂಗತಿ ನನಗೆ ಇವತ್ತಿಗೂ ಬಗೆಹರಿದಿಲ್ಲ. ಗೊತ್ತಿರುವುದನ್ನಾದರೂ ಮೊದಲು ಒಂದು ಕಡೆ ತೆಗೆದಿಡೋಣ ಎಂದಷ್ಟೆ. ನಿನ್ನೆ ಕಪಾಟಿನ ಮೇಲಿನ ಖಾನೆಯಲ್ಲಿ ಸ್ವೆಟರು ಹುಡುಕುವಾಗ ಅಪ್ಪನ ರೈಲ್ವೆ ಪಾಸು ಕೈಗೆ ಸಿಕ್ಕಿತು. ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆಯ ಕಾಗದ. ಅಲ್ಲಿ ಇಟ್ಟವನು ನಾನೇ. ಬಚ್ಚಿಟ್ಟವನು ಎಂದರೂ ತಪ್ಪಿಲ್ಲ.

ಅಪ್ಪ ವಾಡಿಯಲ್ಲಿ ರೈಲ್ವೆಯ ಕೀಮನ್ ಆಗಿದ್ದ. ಆ ಕೆಲಸ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ದಿನಾ ಬೆಳಿಗ್ಗೆ ಸುತ್ತಿಗೆ ಹೊತ್ತುಕೊಂಡು ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯಬೇಕು. ಹಳಿಯನ್ನು ಸಿಮೆಂಟಿನ ದಿಮ್ಮಿಗೆ ಬಿಗಿಹಿಡಿದ ಕಬ್ಬಿಣದ ಕ್ಲಿಪ್ಪುಗಳಲ್ಲಿ ಯಾವುದು ಸಡಿಲವಾಗಿದೆ ಎಂದು ನೋಡಿ ಬಡಿದು ಕೂರಿಸಬೇಕು. ರೈಲು ಓಡಿದ ಮೇಲೆ ಕ್ಲಿಪ್ಪು ಸಡಿಲಾಗುವುದೇ, ಅದು ಯಾರ ತಪ್ಪೂ ಅಲ್ಲ, ಅಡುಗೆ ಮಾಡಿದರೆ ಪಾತ್ರೆ ಮುಸುರೆಯಾಗುವುದಿಲ್ಲವೆ, ಎನ್ನುತ್ತಿದ್ದ. ಅವನು ಕಣ್ಣಿಗಿಂತ ಕಿವಿಯನ್ನು ನಂಬಿದವನು. ಬಿಗಿಯಾಗಿದ್ದರೆ ಸುತ್ತಿಗೆಯ ಏಟಿಗೆ ಠಣ್ ಎನ್ನುತ್ತದೆ. ಸಡಿಲವಿದ್ದರೆ ದಬ್, ಬಿರುಕು ಬಿಟ್ಟ ಗಡಿಗೆ ಬಡಿದ ಹಾಗೆ. ಮನೆಯಲ್ಲೂ ಈ ಚಟ ಬಿಡಲಿಲ್ಲ. ಬಾಗಿಲು, ಕೊಡ, ಕುರ್ಚಿ, ಎಲ್ಲವನ್ನೂ ಬೆರಳಿನ ಗಂಟಿನಿಂದ ಒಮ್ಮೆ ತಟ್ಟಬೇಕು. ಹತ್ತನೇ ಇಯತ್ತೆಯ ಗಣಿತದಲ್ಲಿ ನಾನು ಫೇಲಾದ ದಿನ ನನ್ನ ತಲೆಯನ್ನೂ ಹಾಗೇ ತಟ್ಟಿ, ಕಿವಿಗೊಟ್ಟು ಕೇಳಿ, "ದಬ್ ಅಂತದ" ಎಂದಿದ್ದ. ನಿವೃತ್ತನಾದ ಮೇಲೆ ವಾಡಿಯಲ್ಲೇ ಕಾಕಾನ ಸಂಸಾರದ ಜೊತೆ ಇದ್ದ.

ವರ್ಷಕ್ಕೆ ಎರಡು ಸಲ ಆ ಪಾಸಿನ ಮೇಲೆ ಪುಣೆಗೆ ಬರುತ್ತಿದ್ದ. ಹಗಲು ಗಾಡಿಯೇ ಆಗಬೇಕು. ಮಧ್ಯಾಹ್ನ ಸೊಲ್ಲಾಪುರದಲ್ಲಿ ಅಕ್ಕ ಬುತ್ತಿ ಹಿಡಿದು ನಿಂತಿರುತ್ತಾಳೆ. ಗಾಡಿ ನಿಂತಷ್ಟು ಹೊತ್ತು ಕಿಟಕಿಯ ಸರಳಿನ ಎರಡೂ ಕಡೆಯಿಂದ ಅಪ್ಪ ಮಗಳು ಮಾತಾಡುತ್ತಾರೆ. ಅಪ್ಪನ ಪ್ರಕಾರ ಅದೂ ಒಂದು ಭೇಟಿಯೇ. "ಸೊಲ್ಲಾಪುರದಾಗ ಹತ್ತು ನಿಮಿಷ ಇದ್ದು ಬಂದೆ" ಎಂದು, ಹತ್ತು ದಿನ ಇದ್ದು ಬಂದವನ ಹಾಗೆ ಹೇಳುತ್ತಿದ್ದ. ಬುತ್ತಿಯಲ್ಲಿ ಅರ್ಧ ತಿಂದು ಅರ್ಧ ನನಗೆ ತರುತ್ತಿದ್ದ. ಕಿಟಕಿ ಪಕ್ಕ ಕೂತರೂ ಹೊರಗೆ ನೋಡುತ್ತಿರಲಿಲ್ಲ. ತಲೆ ವಾಲಿಸಿ, ಕಣ್ಣು ಮುಚ್ಚಿ, ಕೆಳಗಿನ ಹಳಿಯ ಸಪ್ಪಳ ಕೇಳುತ್ತಿದ್ದ.

ಆ ಗುರುವಾರ ಗಾಡಿ ಬಂತು. ಎಸ್-ನಾಲ್ಕರ ಬಾಗಿಲು ನನ್ನೆದುರಿಗೇ ನಿಂತಿತು. ಜನ ಇಳಿದರು. ಅಪ್ಪ ಇಳಿಯಲಿಲ್ಲ. ಅಪ್ಪನ ಹಸಿರು ಕ್ಯಾನ್ವಾಸ್ ಚೀಲ ಇಳಿಯಿತು, ನನಗೆ ಗುರುತಿಲ್ಲದ ಒಬ್ಬ ಹೆಂಗಸಿನ ಹೆಗಲ ಮೇಲೆ. ನಲವತ್ತರ ಆಸುಪಾಸಿನವಳು, ಸಿಮೆಂಟಿಗೆ ಒಡೆದ ಕೈಗಳು. ನಾನು ಹೋಗಿ ಚೀಲದ ಪಟ್ಟಿ ಹಿಡಿದು ಎಳೆದೆ.

"ಏ, ಕಸಗೋಬ್ಯಾಡ್ರಿ!" ಎಂದಳು. ಆಮೇಲೆ ನನ್ನ ಮುಖ ನೋಡಿ, "ಮುತ್ಯಾನ ಮಗ ಏನ್ರಿ ನೀವು? ಮೂಗು ಹಂಗೇ ಅದ. ಮುತ್ಯಾ ಔಟರಿನ್ಯಾಗ ಇಳದಾನ್ರಿ."

ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ; ಔಟರ್ ಎಂದರೆ ಸ್ಟೇಶನ್ನಿಗೆ ಮೊದಲು ಸಿಗ್ನಲ್ಲಿಗಾಗಿ ಗಾಡಿ ಕಾಯುವ ಜಾಗ. ಅಲ್ಲಿ ಪ್ಲಾಟ್‌ಫಾರ್ಮೂ ಇಲ್ಲ, ಏನೂ ಇಲ್ಲ.

"ಇಳದಾನ? ಯಾಕ?"

"ಕೆಳಗ ಸಡ್ಲ ಸಪ್ಪಳ ಬಂತು, ನೋಡಿ ಬರ್ತೀನಿ ಅಂದ. ಬ್ಯಾಡೋ ಮುತ್ಯಾ ಅಂದೆ. ಕೇಳಬೇಕಲ್ಲ? ಅವ ಇಳದ, ಗಾಡಿ ಬಿಡ್ತು..."

ಅವಳು ಇನ್ನೂ ಏನೋ ಹೇಳುತ್ತಿದ್ದಳು. ನಾನು ಆಗಲೇ ಮೆಟ್ಟಿಲಿನ ಕಡೆ ಓಡುತ್ತಿದ್ದೆ. ಸ್ಕೂಟರಿನ ಹತ್ತಿರ ಹೋಗಿ ನಿಂತ ಮೇಲೆ ಹೊಳೆಯಿತು, ಎಲ್ಲಿಗೆ ಹೋಗಬೇಕು ಎಂಬುದೇ ನನಗೆ ಗೊತ್ತಿಲ್ಲ. ತಿರುಗಿ ನೋಡಿದರೆ ಅವಳು ಎರಡು ಗಂಟು, ಒಂದು ಚೀಲ ಹೊತ್ತು ಏದುಸಿರು ಬಿಡುತ್ತ ಬರುತ್ತಿದ್ದಳು. "ಜಾಗ ನಾ ನೋಡೀನಿ. ನೀವ್ ನೋಡೀರೇನು? ಇಲ್ಲಲ್ಲ? ನಡೀರಿ ಮತ್ತ," ಎಂದು ಹಿಂದೆ ಹತ್ತಿ ಕೂತಳು. ಹೆಸರು ಮಹಾದೇವಮ್ಮ, ಯಾದಗಿರಿ ಕಡೆಯವಳು, ಇಲ್ಲಿ ಕಟ್ಟಡದ ಕೆಲಸ, ವಾಡಿಯಿಂದ ಅಪ್ಪನ ಎದುರಿನ ಸೀಟಿನಲ್ಲೇ ಕೂತು ಬಂದವಳು. ಇಷ್ಟನ್ನೂ ದಾರಿಯಲ್ಲೇ ಹೇಳಿದಳು. ಜೊತೆಗೆ, "ಇದು ಸ್ಕೂಟರ್ರೋ ಎತ್ತಿನ ಬಂಡಿಯೋ?" ಎಂದೂ ಕೇಳಿದಳು.

ಘೋರ್ಪಡಿ ಕಡೆ ಸ್ಕೂಟರ್ ನಿಲ್ಲಿಸಿ ಹಳಿಯ ಪಕ್ಕದ ಕಾಲುದಾರಿ ಹಿಡಿದೆವು. ಐದೂ ಮೂವತ್ತೈದು. ಅಪ್ಪ ಹಳಿಯ ಬದಿ ಕುಕ್ಕರಗಾಲಲ್ಲಿ ಕೂತಿದ್ದ. ಧೋತರ ಎತ್ತಿ ಕಟ್ಟಿದ್ದ, ತಲೆಯ ಮೇಲೆ ಟವೆಲು, ಬಲಗೈ ಒಂದು ಕ್ಲಿಪ್ಪಿನ ಮೇಲೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಮುಟ್ಟಿದ್ದ.

ಇಲ್ಲಿಂದ ಮುಂದೆ ನಿಧಾನವಾಗಿ ಹೇಳುತ್ತೇನೆ. ನಾನು ಅಪ್ಪನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಮಹಾದೇವಮ್ಮ ನನ್ನನ್ನು ದಾಟಿ ಅವನ ಹತ್ತಿರ ಹೋಗಿ ನಿಂತಿದ್ದಳು. ನನ್ನ ಹಿಂದಿನಿಂದ, ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಒಬ್ಬ ಟ್ರ್ಯಾಕ್‌ಮನ್ ಸುತ್ತಿಗೆ ಹಿಡಿದು ಬರುತ್ತಿದ್ದ. ತುಕಾರಾಮ ಎಂದು ಆಮೇಲೆ ತಿಳಿಯಿತು. ಅಪ್ಪ ತಲೆ ಎತ್ತಿ ನಮ್ಮ ಕಡೆ ನೋಡಿ, "ಇವತ್ತು ಡ್ಯೂಟಿ ನಿಂದೇನು?" ಎಂದ.

ನನ್ನನ್ನು ಕೇಳಿದನೆ? ಅಥವಾ ನನ್ನ ಹಿಂದಿದ್ದವನನ್ನೆ? ಕೇಳಿದ್ದು ಕನ್ನಡದಲ್ಲಿ. ಆದರೆ ಅಪ್ಪ ಪುಣೆಯ ಆಟೋದವರ ಜೊತೆಗೂ ಕನ್ನಡದಲ್ಲೇ ಜಗಳವಾಡುವ ಮನುಷ್ಯ, ಹಾಗಾಗಿ ಅದರಿಂದ ಏನೂ ತಿಳಿಯುವುದಿಲ್ಲ.

ತುಕಾರಾಮ ನನ್ನನ್ನು ದಾಟಿ ಹೋಗಿ ಬಗ್ಗಿ ನೋಡಿದ. ಸುತ್ತಿಗೆ ಎತ್ತಿದ. ಅದೇ ಹೊತ್ತಿಗೆ ಆಚೆಯ ಹಳಿಯ ಮೇಲೆ ಲೋಕಲ್ ಗಾಡಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು. ಮೊದಲನೆಯ ಏಟು ಬಿದ್ದದ್ದನ್ನು ನಾನು ಕಂಡೆ, ಕೇಳಲಿಲ್ಲ. ಗಾಡಿ ದಾಟಿತು. ಎರಡನೆಯ ಏಟು ಬಿತ್ತು. ಠಣ್. ಅದನ್ನು ಕೇಳಿದೆ. ಅಪ್ಪನೂ ತಲೆಯಾಡಿಸಿದ. ತುಕಾರಾಮ ಒಂದು ಸಲ ಟೊಪ್ಪಿಗೆ ಮುಟ್ಟಿ, ಕೈ ಕೊಟ್ಟು ಅಪ್ಪನನ್ನು ಎಬ್ಬಿಸಿ, "ಚಲಾ ಬಾಬಾ, ಘರೀ ಚಲಾ" ಎಂದ. ನಡೀರಿ, ಮನೆಗೆ ನಡೀರಿ, ಎಂದು.

ಕ್ಲಿಪ್ಪು ಸಡಿಲವಿತ್ತೆ? ಇಲ್ಲ, ಗಟ್ಟಿಯಾಗಿಯೇ ಇದ್ದದ್ದನ್ನು ಒಬ್ಬ ಮುದುಕನ ಮನಸ್ಸು ನೋಯಿಸಬಾರದೆಂದು ಎರಡು ಸಲ ಬಡಿದನೆ? ಕೇಳಬಹುದಾಗಿತ್ತು. ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ ಮಾತು: ಅಪ್ಪನಿಗೆ ನನ್ನ ಗುರುತು ಹತ್ತಲಿಲ್ಲ.

ಔಷಧದ ಅಂಗಡಿಯಲ್ಲಿ ಇಪ್ಪತ್ತು ವರ್ಷ ನಿಂತವನಿಗೆ ಯಾವ ಮರೆವೂ ಬರೀ ಮರೆವಾಗಿ ಕಾಣುವುದಿಲ್ಲ, ಅದರ ಗುಳಿಗೆಯ ಹೆಸರೂ ಜೊತೆಗೇ ಕಾಣುತ್ತದೆ. ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. "ಅಪ್ಪ ನಡುವ ಇಳದು ಹಳಿ ಮ್ಯಾಲ ಕೂತಿದ್ದ ಅಕ್ಕಾ. ನನ್ನ ಗುರ್ತಾ ಹಿಡೀಲಿಲ್ಲ." ಅವಳು ಅತ್ತಳು. "ಮಧ್ಯಾಹ್ನ ಚಂದಾಗಿ ಮಾತಾಡ್ಯಾನಲ್ಲೋ ತಮ್ಮಾ. ಶೇಂಗಾ ಹಿಂಡಿಗೆ ಉಪ್ಪು ಕಮ್ಮಿ ಅಂತ ಬೈದಾನ!" ಎಂದಳು. ಕಡೆಗೆ ಅವಳೇ, "ಇನ್ನ ಒಬ್ಬನ್ನೇ ಬಿಡೋದು ಬ್ಯಾಡ" ಎಂದಳು. ಡಾಕ್ಟರಿಗೂ ನಾನು ಅದೇ ಎರಡು ವಾಕ್ಯ ಹೇಳಿದೆ. ಅವರು ಅರ್ಧ ಗುಳಿಗೆ ಬರೆದುಕೊಟ್ಟರು. ನಾನು ಪಾಸು ತೆಗೆದು ಕಪಾಟಿನ ಮೇಲಿನ ಖಾನೆಗೆ ಹಾಕಿದೆ.

ಅಪ್ಪ ಪುಣೆಯ ಕೋಥರೂಡದ ನಮ್ಮ ಮನೆಯಲ್ಲಿ ಎರಡು ವರ್ಷ ಇದ್ದ. ಮತ್ತೆ ರೈಲು ಹತ್ತಲಿಲ್ಲ. ಮೊದಮೊದಲು ವಾರಕ್ಕೊಮ್ಮೆ ಕೇಳುತ್ತಿದ್ದ: "ತಮ್ಮಾ, ನನ್ನ ಪಾಸ್ ಎಲ್ಲದ?" "ಹುಡುಕ್ತೀನಪ್ಪಾ," ಎನ್ನುತ್ತಿದ್ದೆ. ಒಂದು ದಿನ ಅವನೇ, "ಹುಡುಕಬ್ಯಾಡ ಬಿಡು, ಸಿಕ್ಕೀತು" ಎಂದ. ಆಮೇಲೆ ಕೇಳಲಿಲ್ಲ.

ಆ ಎರಡು ವರ್ಷ ನಾನು ಅವನನ್ನು ಗಮನಿಸುತ್ತಲೇ ಇದ್ದೆ. ನನ್ನ ತೀರ್ಪು ಸರಿ ಎನ್ನಲು ಏನಾದರೂ ಸಿಕ್ಕೀತೆ ಎಂದು. ಸಿಗುತ್ತಿತ್ತು. ನನ್ನ ಮಗನನ್ನು ನನ್ನ ಹೆಸರಿನಿಂದ ಕರೆದ. ಒಮ್ಮೆ ಚಹಾಕ್ಕೆ ಉಪ್ಪು ಹಾಕಿಕೊಂಡು ಸದ್ದಿಲ್ಲದೆ ಕುಡಿದ. ಆದರೆ ಸೊಸಾಯಟಿಯ ಗೇಟು ತಟ್ಟಿ, "ನಡುವಿನ ಬಿಜಾಗರಿ ಹೋಗ್ಯದ" ಎಂದವನೂ ಅವನೇ. ವಾಚ್‌ಮನ್ ನಕ್ಕ. ತಿಂಗಳೊಪ್ಪತ್ತಿನಲ್ಲಿ ಗೇಟು ಜೋತುಬಿತ್ತು. ಚಹಾ, ಗೇಟು, ಎರಡರಲ್ಲಿ ಯಾವುದನ್ನು ನಂಬಬೇಕು? ಚಹಾದ ಮಾತನ್ನು ಅಕ್ಕನಿಗೆ ಹೇಳಿದೆ. ಗೇಟಿನ ಮಾತನ್ನು ಹೇಳಲಿಲ್ಲ. ಕಳೆದ ಶ್ರಾವಣದಲ್ಲಿ ಅಪ್ಪ ತೀರಿಕೊಂಡ.

ನಿನ್ನೆ ಪಾಸು ಕೈಯಲ್ಲಿ ಹಿಡಿದುಕೊಂಡೇ ಮೊಬೈಲಿನಲ್ಲಿ ಒಂದು ಹೆಸರು ಹುಡುಕಿದೆ. "ಮಹಾದೇವಮ್ಮ ರೈಲು." ಒಂದು ಸೀರೆ ಕೊಡಬೇಕೆಂದು ಅವತ್ತು ನಂಬರು ಬರೆದುಕೊಂಡಿದ್ದೆ. ಸೀರೆ ಇನ್ನೂ ಕೊಟ್ಟಿಲ್ಲ. ಫೋನು ಎತ್ತಿದವಳ ಹಿಂದೆ ಕಾಂಕ್ರೀಟು ಕಲಸುವ ಯಂತ್ರದ ಗದ್ದಲ. ನಾನು ಹೆಸರು ಹೇಳುವ ಮೊದಲೇ, "ಮುತ್ಯಾ ಅರಾಮದಾನ್ರಿ?" ಎಂದಳು.

ಹೇಳಿದೆ. ಅವಳು ಯಾರಿಗೋ ಕೂಗಿ ಯಂತ್ರ ನಿಲ್ಲಿಸಿದಳು.

"ಮಹಾದೇವಮ್ಮಾ, ಅವತ್ತು ಮೊದಲನೇ ಏಟು ಬಿದ್ದಾಗ ನೀ ಹತ್ತಿರ ಇದ್ದಿ. ಸಪ್ಪಳ ಹ್ಯಾಂಗ ಬಂತು? ದಬ್ ಅಂತೋ, ಠಣ್ ಅಂತೋ?"

"ಅಯ್ಯ, ಕಬ್ಬಿಣದ ಸಪ್ಪಳ ನನಗೆಲ್ಲಾ ಒಂದೇರಿ. ಬಡದ, ಬಂತು. ಅದೇನು ನೆನಪಿರ್ತದ? ಮುತ್ಯಾನ ಮಾತ್ ನೆನಪದ ನೋಡ್ರಿ. ಇಳಿಯೋ ಮುಂದ ಚೀಲ ನನ್ನ ತೊಡಿ ಮ್ಯಾಲ ಇಟ್ಟು ಹೇಳ್ದ: 'ಮೂರನೇ ಪ್ಲಾಟ್‌ಫಾರ್ಮಿನ್ಯಾಗ ಇದೇ ಡಬ್ಬಿ ಮುಂದ ನನ್ನ ಮಗ ನಿಂತಿರ್ತಾನ, ನೀರಿನ ನಳಕ್ಕ ಬೆನ್ನ ಹಚ್ಚಿ. ಭಾಳ ಅಂಜಬುರುಕ ಅದಾನ. ಗಾಡಿ ಬಿಟ್ರ ನಡಕೋತ ಬರ್ತೀನಿ, ಅಂಜಬ್ಯಾಡ ಅಂತ ಹೇಳವ್ವಾ.'"

"ಇದನ್ನ ಅವತ್ತೇ ಯಾಕ ಹೇಳಲಿಲ್ಲ?" ಎಂದೆ, ತಪ್ಪು ಅವಳದೇ ಎಂಬ ಹಾಗೆ.

"ಹೇಳೀನ್ರಿ! ಹಿಂದಿಂದ ಒದರಿ ಒದರಿ ಹೇಳೀನಿ. ನಿಂತು ಕೇಳಿದ್ರೇನು ನೀವು?"

ಇವತ್ತು ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಗೇಟಿನ ಮಾತು, ನಳದ ಮಾತು, ಎರಡನ್ನೂ ಹೇಳಿದೆ. ಪಾಸು ಕಳೆದಿರಲಿಲ್ಲ ಎಂಬುದನ್ನೂ ಹೇಳಿದೆ. ಅವಳು, "ಅಂದ್ರ ಅಪ್ಪಗ ಏನೂ ಆಗಿರಲಿಲ್ಲೇನೋ ತಮ್ಮಾ?" ಎಂದಳು. ಗೊತ್ತಿಲ್ಲ ಅಕ್ಕಾ, ಎಂದೆ. ಆ ಕ್ಲಿಪ್ಪು ಸಡಿಲವಿತ್ತೋ ಇಲ್ಲವೋ ನನಗೆ ನಿಜವಾಗಿಯೂ ಗೊತ್ತಿಲ್ಲ. ನಲವತ್ತು ನಿಮಿಷವಾದರೂ ಅವನು ಯಾಕೆ ನಡೆದು ಬಂದಿರಲಿಲ್ಲ, ಅದೂ ಗೊತ್ತಿಲ್ಲ. ನಾನು ಎಲ್ಲಿ ನಿಂತಿದ್ದೆ ಎಂಬುದು ಮಾತ್ರ ಅವನಿಗೆ ಗೊತ್ತಿತ್ತು.

ಆ ಕ್ಲಿಪ್ಪಿಗೆ ಏಟು ಬಿದ್ದದ್ದನ್ನು ಕಂಡವರು ನಾಲ್ವರು. ಅಪ್ಪ ಇಲ್ಲ. ತುಕಾರಾಮನನ್ನು ನಾನು ಮತ್ತೆ ಹುಡುಕಲಿಲ್ಲ, ಇದ್ದಾನೋ ಇಲ್ಲವೋ ಹೇಳಲಾರೆ. ನಾನಿದ್ದೇನೆ, ಆದರೆ ನಾನು ಕೇಳಿದ್ದು ಎರಡನೆಯ ಏಟನ್ನು ಮಾತ್ರ. ಮಹಾದೇವಮ್ಮ ಇದ್ದಾಳೆ. ಇಲ್ಲೇ ಪುಣೆಯ ವಾಘೋಲಿ ಕಡೆ, ಕಟ್ಟುತ್ತಿರುವ ಒಂದು ಕಟ್ಟಡದ ಮೂರನೆಯ ಮಾಳಿಗೆಯಲ್ಲಿ.